ಏಳುವಾಗ ಕೈ ಕೊಡಬಾರದು

"ಇದು ಏಳು ಪದರದ ಹಾಸಿಗೆ ಸಾರ್! ಬೆನ್ನು ನೋವಿರೋರಿಗೆ ಒಳ್ಳೇದು, ಕುತ್ತಿಗೆ ನೋವಿರೋರಿಗೂ ಒಳ್ಳೇದು, ನೋವೇ ಇಲ್ಲದೋರಿಗೆ... ಅವರಿಗಂತೂ ಇನ್ನೂ ಒಳ್ಳೇದು..."

ಹಾಸಿಗೆಯ ಮೇಲೆ ಅಂಗಾತ ಮಲಗಿದ್ದವನು ಕಣ್ಣೇ ತೆರೆಯಲಿಲ್ಲ.

ಅವಳು ಮಾತು ನಿಲ್ಲಿಸಲಿಲ್ಲ. ಹಾಸಿಗೆ ಶೋರೂಮಿನ ಕೆಲಸಕ್ಕೆ ಸೇರಿದ ಮೊದಲ ದಿನ, ಮೊದಲ ಗ್ರಾಹಕ! ನಿದ್ದೆಗೆಟ್ಟು ಬಾಯಿಪಾಠ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಸ್ಪ್ರಿಂಗ್ ಎಂಥದ್ದು, ಫೋಮ್ ಎಂಥದ್ದು, ಗ್ಯಾರಂಟಿ ಎಷ್ಟು ವರ್ಷ... ಒಂದನ್ನೂ ಬಿಡಲಿಲ್ಲ. ಕೊನೆಗೆ ಹೇಳಲು ಏನೂ ಉಳಿಯದೆ, ಹಳೆಯ ಅಭ್ಯಾಸದಂತೆ ಬಾಯಿಂದ ಜಾರಿಬಿಟ್ಟಿತು.

"ಗೊತ್ತಾಯ್ತಾ ಎಲ್ಲರಿಗೂ?"

ಮಲಗಿದ್ದವನು ಒಂದು ಕಣ್ಣು ತೆರೆದ.

"ಗೊತ್ತಾಯ್ತು ಟೀಚರ್."

ಬಿಲ್ಲಿಂಗ್ ಕೌಂಟರಿನ ಕಡೆಯಿಂದ ಕಿಸಕ್ಕೆಂದು ನಗು ಕೇಳಿಸಿತು. ಅವನು ನಿಧಾನವಾಗಿ ಎದ್ದು ಕುಳಿತ, ಶೂ ಹಾಕಿಕೊಂಡ, ಜೇಬಿನಿಂದ ಒಂದು ಗುರುತಿನ ಚೀಟಿ ತೆಗೆದು ಕೊರಳಿಗೆ ನೇತುಹಾಕಿಕೊಂಡ. ಅವಳ ಕೊರಳಲ್ಲಿ ಇದ್ದಂಥದ್ದೇ!

ಅಯ್ಯೋ... ಇವನೂ ಇಲ್ಲಿಯ ಸೇಲ್ಸ್‌ಮನ್ನೇ!

"ಮಲಗಿದೋರ ಹತ್ರ ಮಾತಾಡಬಾರದು ಟೀಚರ್. ಅವರೇ ಬಾಯಿ ಬಿಡೋವರೆಗೂ ಸುಮ್ನೆ ನಿಂತಿರಬೇಕು. ಹಾಸಿಗೆ ಹೇಳಬೇಕಾದ್ದನ್ನ ಹಾಸಿಗೇನೇ ಹೇಳ್ಲಿ" ಎಂದು ಹೇಳಿ ಅವನು ನಡೆದುಬಿಟ್ಟ.

ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ.

"ಅವನ ಮಾತಿಗೆ ಬೇಜಾರು ಮಾಡ್ಕೋಬೇಡ ಕಣೆ" ಎಂದರು ಬಿಲ್ಲಿಂಗ್ ಅಕ್ಕ. "ಹೊಸ ಹಾಸಿಗೆ ಬಂದ್ರೆ ಮೊದಲು ತಾನೇ ಮಲಗಿ ನೋಡ್ತಾನೆ. ಅದಕ್ಕೇ ನಾವೆಲ್ಲ ಗೊರಕೆ ಅಂತ ಕರೆಯೋದು. ಇಡೀ ಶೋರೂಮಲ್ಲಿ ಅವನಷ್ಟು ಮಾರೋರು ಇನ್ನೊಬ್ಬರಿಲ್ಲ. ಹೊಸದಾಗಿ ತೆರೆಯೋ ಶೋರೂಮನ್ನ ಅವನ ಕೈಗೇ ಕೊಡ್ತಾರಂತೆ."

'ಗೊರಕೆ! ಸರಿಯಾದ ಹೆಸರೇ ಇಟ್ಟಿದ್ದಾರೆ' ಎಂದು ಅವಳು ಮನಸ್ಸಿನಲ್ಲೇ ಹಲ್ಲು ಕಡಿದಳು.

ಅಂದಿನಿಂದ ಅವಳ ಹೆಸರೂ ಟೀಚರ್ ಎಂದೇ ಆಯಿತು. ಅದೇನೂ ಸುಳ್ಳಲ್ಲ ಬಿಡಿ. ಹೋದ ತಿಂಗಳವರೆಗೂ ಅವಳು ಒಂದು ಪುಟ್ಟ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಮಕ್ಕಳು ಕಡಿಮೆಯಾದರು, ಶಾಲೆಗೆ ಬೀಗ ಬಿತ್ತು. ಅದಕ್ಕೂ ಮೊದಲೇ ಅಪ್ಪ ತೀರಿಕೊಂಡಿದ್ದರು. ಈಗ ಅವಳೂ ಅಮ್ಮನೂ ಇರುವುದು ಅಕ್ಕನ ಮನೆಯಲ್ಲಿ.

ಭಾವ ಕೆಟ್ಟವರೇನಲ್ಲ. ಕಷ್ಟವಿದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಜಗಳವಾಡಿಯಾದರೂ ಹೊರಬೀಳಬಹುದಿತ್ತು. ಅವರು ಒಂದು ಮಾತೂ ಆಡುತ್ತಿರಲಿಲ್ಲ. ಟಿವಿ ಆಫ್ ಆಗುವವರೆಗೂ ಅಮ್ಮ ಅಡುಗೆಮನೆಯಲ್ಲೇ ಕುಳಿತಿರುತ್ತಿದ್ದಳು, ಆಮೇಲೆ ನಡುಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದಳು. ಅಳಿಯನ ಮನೆಯ ಊಟ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅರ್ಧ ತಟ್ಟೆಗೇ ಕೈ ತೊಳೆದು, "ಹೊಟ್ಟೆ ತುಂಬ್ತು ಕಣೆ" ಎನ್ನುತ್ತಿದ್ದಳು.

ಅಮ್ಮ ದಿನೇ ದಿನೇ ಸಣ್ಣಗಾಗುತ್ತಿದ್ದಳು.

ಶೋರೂಮಿನ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೆ ಒಂದು ಕೋಣೆ ಬಾಡಿಗೆಗಿತ್ತು. "ಕೆಲಸ ಖಾಯಂ ಆಯ್ತು ಅಂತ ಬಂದು ಹೇಳು, ಬೀಗದ ಕೈ ಕೊಡ್ತೀನಿ" ಎಂದಿದ್ದರು ಮನೆ ಒಡತಿ. ಆ ಕೋಣೆಯನ್ನು ಅವಳು ಅಮ್ಮನಿಗೆ ಹೊರಗಿನಿಂದಲೇ ತೋರಿಸಿದ್ದಳು. ಅಮ್ಮ ಕತ್ತೆತ್ತಿ ಕಿಟಕಿಯನ್ನೇ ನೋಡುತ್ತ ನಿಂತಿದ್ದಳು.

ಆದರೆ ಖಾಯಂ ಆಗುವುದು ಸುಲಭವೇ?

"ತಿಂಗಳ ಕೊನೆಗೆ ಹತ್ತು ಹಾಸಿಗೆ" ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. "ಮಾರಿದ್ದು ಒಂದು ವಾಪಸ್ ಬಂದ್ರೂ ನೀವು ಮನೆಗೆ. ಟ್ರಯಲ್‌ನಲ್ಲಿರೋರಿಗೆ ಅದೇ ರೂಲ್ಸು."

ದಿನಾ ಬೆಳಗ್ಗೆ ಎಲ್ಲರೂ ಸಾಲಾಗಿ ನಿಲ್ಲಬೇಕು. ನಿನ್ನೆ ಎಷ್ಟು ಮಾರಿದೆ ಎಂದು ಒಬ್ಬೊಬ್ಬರೇ ಗಟ್ಟಿಯಾಗಿ ಕೂಗಿ ಹೇಳಬೇಕು.

"ಮೂರು!" "ಎರಡು!" "ನಾಲ್ಕು!"

"ಸೊನ್ನೆ..."

"ಕೇಳಿಸ್ಲಿಲ್ಲ ಟೀಚರ್! ಜೋರಾಗಿ! ನಗ್ತಾ ಹೇಳಿ! ಹಲ್ಲು ಕಾಣ್ಲಿ!"

"ಸೊನ್ನೆ ಸಾರ್!" ಎಂದು ಹಲ್ಲು ಕಾಣುವಂತೆ ನಕ್ಕು ಹೇಳುವುದು ಎಷ್ಟು ಕಷ್ಟವೆಂದು ಹಾಗೆ ಹೇಳಿದವರಿಗೇ ಗೊತ್ತು.

ಅಲ್ಲಿ ಗ್ರಾಹಕರನ್ನು ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದರು. ಬಾಗಿಲು ತೆರೆದು ಒಳಗೆ ಬಂದವರು ಯಾರ ಸರದಿಯೋ ಅವರ ಪಾಲಿಗೆ. ಬೇರೆಯವರು ಮೂಗು ತೂರಿಸುವಂತಿಲ್ಲ. ಅವಳ ಸರದಿ ಬಂದಾಗಲೆಲ್ಲ ಬಂದವರು ಬಿಸಿಲಿಗೆ ಹೆದರಿ ಏಸಿಗೆ ಬಂದವರು, ಇಲ್ಲವೇ "ಸುಮ್ನೆ ನೋಡೋಣ ಅಂತ" ಬಂದವರು. ಅವಳು ಅವರ ಹಿಂದೆ ಹಿಂದೆ ಓಡುತ್ತಿದ್ದಳು, ಬೇಡುತ್ತಿದ್ದಳು, ನಗುತ್ತಿದ್ದಳು. ಬಾಗಿಲು ಮುಚ್ಚಿಕೊಂಡ ಮೇಲೆ ಪ್ಲಾಸ್ಟಿಕ್ ಕವರು ರಾಶಿ ಹಾಕುವ ಕೋಣೆಗೆ ಹೋಗಿ, ಕವರಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು.

'ನನ್ನ ಕೈಲಿ ಆಗಲ್ಲ... ದೇವರೇ, ನನ್ನ ಕೈಲಿ ಆಗಲ್ಲ!'

ಮನೆಗೆ ಹೋದರೆ ಅಮ್ಮ ಪಿಸುದನಿಯಲ್ಲಿ ಕೇಳುತ್ತಿದ್ದಳು. "ಇವತ್ತು ಹೋಯ್ತಾ ಒಂದಾದ್ರೂ?"

"ನಾಳೆ ಹೋಗತ್ತಮ್ಮ."

ಹಾಗಿರುವಾಗ ಒಂದು ಸಂಜೆ, ಅವಳ ಸರದಿಯಲ್ಲಿ, ಒಬ್ಬ ಅಜ್ಜಿ ಬಂದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಮಗಳ ಹೆಗಲ ಮೇಲೆ. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಈಗಷ್ಟೇ ನಡೆಯುತ್ತಿದ್ದರು.

"ಅಮ್ಮನಿಗೆ ಒಳ್ಳೇ ಹಾಸಿಗೆ ತೋರಿಸಿ. ದುಡ್ಡಿನ ಯೋಚನೆ ಬೇಡ" ಎಂದರು ಮಗಳು.

ಅವಳು ತಡಮಾಡಲಿಲ್ಲ. ಶೋರೂಮಿನಲ್ಲೇ ಅತಿ ಮೆತ್ತಗಿದ್ದ, ಅತಿ ದಪ್ಪದ ಹಾಸಿಗೆ ತೋರಿಸಿದಳು. ಅಜ್ಜಿ ಮಲಗಿದರು. ಅವಳು ಈ ಸಲ ಬಾಯಿ ಬಿಡಲಿಲ್ಲ. ಗೊರಕೆ ಹೇಳಿದ್ದು ನೆನಪಿತ್ತು!

"ಆಹಾ... ಹತ್ತಿ ರಾಶಿ ಮೇಲೆ ಬಿದ್ದ ಹಾಗಿದೆ ಕಣೇ" ಎಂದರು ಅಜ್ಜಿ ಕಣ್ಣು ಮುಚ್ಚಿ.

ಸ್ವಲ್ಪ ಹೊತ್ತಾದ ಮೇಲೆ ಏಳಲು ನೋಡಿದರು. ಮೊಣಕೈ ಊರಿದರು. ಹಾಸಿಗೆಯೊಳಗೆ ಮೊಣಕೈ ಹೂತುಹೋಯಿತು. ತಕ್ಷಣ ಅವಳು ಓಡಿಹೋಗಿ ಎರಡೂ ಕೈ ಹಿಡಿದು ಮೆಲ್ಲಗೆ ಎಬ್ಬಿಸಿದಳು. ಮುದುಕರು ಒದ್ದಾಡುವುದನ್ನು ನೋಡಿಕೊಂಡು ಸುಮ್ಮನಿರುವ ಜೀವವೇ ಅಲ್ಲ ಅವಳದು.

"ನಿನ್ನ ಕೈ ತಣ್ಣಗಿರ್ಲಿ ಮಗು" ಎಂದರು ಅಜ್ಜಿ.

"ಇದನ್ನೇ ತಗೊಳ್ತೀವಿ. ನಾಳೆ ಬೆಳಗ್ಗೆ ಬಂದು ಬಿಲ್ ಮಾಡಿಸ್ತೀನಿ" ಎಂದರು ಮಗಳು.

ಒಂದು! ಮೊದಲನೆಯದು! ಆ ಖುಷಿಯಲ್ಲಿ ಅವಳು ಆಚೆ ಕಂಬದ ಬಳಿ ನಿಂತು ತನ್ನನ್ನೇ ನೋಡುತ್ತಿದ್ದ ಗೊರಕೆಯನ್ನು ಗಮನಿಸಲೇ ಇಲ್ಲ. ಅವನ ಹುಬ್ಬು ಗಂಟಿಕ್ಕಿದ್ದೂ ಅವಳಿಗೆ ಕಾಣಲಿಲ್ಲ.

ಮರುದಿನ ಬೆಳಗ್ಗೆ ಅಮ್ಮ ತಲೆಸುತ್ತು ಬಂದು ಬಚ್ಚಲ ಬಾಗಿಲಲ್ಲಿ ಕುಸಿದುಬಿಟ್ಟಳು. ಡಾಕ್ಟರಿಗೆ ತೋರಿಸಿ, ಮಲಗಿಸಿ, ಅವಳು ಶೋರೂಮಿಗೆ ಓಡಿಬರುವಷ್ಟರಲ್ಲಿ ಅಜ್ಜಿಯ ಮಗಳು ಬಿಲ್ಲು ಹಿಡಿದು ಹೊರಗೆ ಬರುತ್ತಿದ್ದರು.

"ನಿಮ್ಮನ್ನೇ ಕೇಳ್ದೆ. ಬಂದಿಲ್ಲ ಅಂದ್ರು. ಆ ಸಾರೇ ಬಿಲ್ ಮಾಡಿಕೊಟ್ರು" ಎಂದು ನಕ್ಕು ಹೋದರು.

ಅವಳು ಕೌಂಟರಿಗೆ ಹೋಗಿ ನೋಡಿದಳು. ಮಾರಿದವರ ಹೆಸರಿನ ಜಾಗದಲ್ಲಿ ಗೊರಕೆಯ ಹೆಸರು!

ನೆಟ್ಟಗೆ ಅವನೆದುರು ಹೋಗಿ ನಿಂತಳು.

"ಅವರು ನನ್ನ ಗ್ರಾಹಕರು!"

"ಹೌದು."

"ನಿನ್ನೆ ಎಲ್ಲ ತೋರಿಸಿದ್ದು ನಾನು!"

"ಹೌದು."

"ಮತ್ತೆ ಬಿಲ್ಲು ನಿಮ್ಮ ಹೆಸರಿಗೆ?"

"...ಹೌದು."

"ನಾಚಿಕೆ ಆಗಲ್ವಾ ನಿಮಗೆ? ದಿನಾ ನಾಲ್ಕು ಮಾರ್ತೀರಿ. ನನ್ನ ಒಂದೇ ಒಂದು... ನಮ್ಮಮ್ಮ... ನಿಮಗೇನು ಗೊತ್ತು! ಕಳ್ಳ! ನೀವು ನಾಚಿಕೆ ಇಲ್ಲದ ಕಳ್ಳ!"

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮ್ಯಾನೇಜರ್ ತಮ್ಮ ಕೋಣೆಯಿಂದ ಹೊರಗೆ ಬಂದರು. ಅವನು ಬಾಯಿ ಮುಚ್ಚಿಕೊಂಡ.

"ತಡವಾಗಿ ಬಂದಿದ್ದಲ್ದೆ ಜಗಳ ಬೇರೆನಾ? ನಾನೇನೂ ಕೇಳಲ್ಲ. ಕೆಲಸ ನೋಡಿ" ಎಂದರು ಮ್ಯಾನೇಜರ್. ಅಲ್ಲಿಗೆ ಅವಳ ದೂರು ಮುಗಿಯಿತು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ತಿಳಿಯದು. ಅವನ ಮುಖ ಕಂಡರೆ ಮೈ ಉರಿಯುತ್ತಿತ್ತು. ಇನ್ನೊಂದು ವಿಚಿತ್ರ ಶುರುವಾಯಿತು. ಗೊರಕೆಯ ಸರದಿ ಬಂದಾಗಲೆಲ್ಲ, "ಟೀ ಕುಡ್ದು ಬರ್ತೀನಿ" ಎಂದು ಅವನು ಎದ್ದುಹೋಗುತ್ತಿದ್ದ. ಸರದಿ ಮುಂದಿನವರಿಗೆ ಬರುತ್ತಿತ್ತು. ಆ ಮುಂದಿನವಳು ಇವಳೇ.

"ಇವನು ಇಷ್ಟೊಂದು ಟೀ ಕುಡಿಯೋನೇ ಅಲ್ಲ ಕಣೆ" ಎಂದು ಬಿಲ್ಲಿಂಗ್ ಅಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

'ಪಾಪ ಚುಚ್ಚುತ್ತಿರಬೇಕು. ಚುಚ್ಚಲಿ!' ಎಂದುಕೊಂಡಳು ಅವಳು. ಬೇಡ ಎನ್ನುವ ಸ್ಥಿತಿ ಇರಲಿಲ್ಲ. ಬಂದವರನ್ನು ಹಿಡಿದುಕೊಂಡಳು, ಹಲ್ಲು ಕಚ್ಚಿ ಮಾರಿದಳು. ಒಂದಾಯಿತು, ಮೂರಾಯಿತು, ಆರಾಯಿತು. ಅವನಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಮಾತ್ರ ಅವನು ಏನೋ ಹೇಳಲು ಬಾಯಿ ತೆರೆದದ್ದೇ ಕಾಣುತ್ತಿತ್ತು. 'ಏನು ಹೇಳೋಕೆ ಬಂದಿದ್ದ? ಏನಾದ್ರೂ ಹೇಳ್ಲಿ, ನನಗೇನು!' ಎಂದು ಮಗ್ಗುಲು ಬದಲಿಸುತ್ತಿದ್ದಳು. ಯಾರ ಮೇಲೆ ಇಷ್ಟೊಂದು ಕೋಪವಿದೆಯೋ ಅವರ ಬಗ್ಗೆ ಇಷ್ಟೊಂದು ಯೋಚನೆ ಯಾಕೆ ಎಂದು ಅವಳನ್ನು ಕೇಳುವವರು ಯಾರೂ ಇರಲಿಲ್ಲ.

ತಿಂಗಳ ಕೊನೆಯ ದಿನ ಬಂತು. ಒಂಬತ್ತಾಗಿತ್ತು. ಇನ್ನು ಒಂದೇ ಒಂದು!

ಬೆಳಗ್ಗೆ ಹೊರಡುವಾಗ ಅಮ್ಮ ತನ್ನ ನಾಲ್ಕು ಸೀರೆ ಮಡಿಸಿ ಚೀಲದಲ್ಲಿ ಇಡುತ್ತಿದ್ದಳು. "ಸುಮ್ನೆ ಇಟ್ಟೆ ಅಷ್ಟೇ" ಎಂದಳು ಸಂಕೋಚದಿಂದ.

ಮಧ್ಯಾಹ್ನ ಶೋರೂಮಿನೆದುರು ಒಂದು ವ್ಯಾನ್ ಬಂದು ನಿಂತಿತು. ಇಬ್ಬರು ಆಳುಗಳು ಒಂದು ದಪ್ಪ ಹಾಸಿಗೆಯನ್ನು ಇಳಿಸಿದರು. ಹಿಂದೆಯೇ ಆ ಮಗಳು, ಊರುಗೋಲಿನ ಅಜ್ಜಿ.

"ಎಲ್ಲಿ ಆ ಹುಡುಗಿ? ಇದನ್ನ ನಮಗೆ ಕಟ್ಟಿದೋಳು ಎಲ್ಲಿ?" ಮಗಳು ಎಲ್ಲರೆದುರು ಕೂಗಿದರು. "ಹಾಸಿಗೆ ನಿನ್ನೆಯಷ್ಟೇ ಮನೆಗೆ ಬಂತು. ರಾತ್ರಿಯೆಲ್ಲ ನಮ್ಮಮ್ಮ ಒದ್ದೆಯಲ್ಲೇ ಬಿದ್ದಿದ್ರು. ಎದ್ದು ಬಾತ್‌ರೂಮಿಗೆ ಹೋಗೋಕಾಗ್ದೆ! ನನ್ನ ನಿದ್ದೆ ಕೆಡಿಸಬಾರ್ದು ಅಂತ ಬಾಯಿ ಮುಚ್ಕೊಂಡು ಬಿದ್ದಿದ್ರು!"

"ಸುಮ್ನಿರೇ... ಜನ ಇದಾರೆ" ಎಂದು ಅಜ್ಜಿ ಮುಖ ತಗ್ಗಿಸಿದರು.

ವಾಪಸ್! ಅವಳು ಮುಂದಕ್ಕೆ ಹೆಜ್ಜೆ ಇಡುವ ಮೊದಲೇ ಗೊರಕೆ ಅಡ್ಡ ಬಂದು ನಿಂತಿದ್ದ.

"ನನ್ನ ತಪ್ಪು ಮೇಡಂ. ಬಿಲ್ಲಲ್ಲಿ ನನ್ನ ಹೆಸರೇ ಇದೆ."

"ನಿಮ್ಮದು ಹೇಗೆ ತಪ್ಪಾಗತ್ತೆ?" ಎಂದರು ಮಗಳು. "ಅವತ್ತು ಬೆಳಗ್ಗೆ ಇದು ಬೇಡ, ಇದರಲ್ಲಿ ಅಮ್ಮನಿಗೆ ಏಳೋಕಾಗಲ್ಲ, ಗಟ್ಟಿದು ತಗೊಳ್ಳಿ ಅಂತ ಬಡ್ಕೊಂಡೋರೇ ನೀವು! ನಾನೇ ಹಟ ಮಾಡ್ದೆ. ತೊಂದ್ರೆ ಆದ್ರೆ ನನ್ನ ಹೆಸರು ಹೇಳಿ ವಾಪಸ್ ತನ್ನಿ ಅಂದೋರೂ ನೀವೇ ಅಲ್ವಾ?"

ಅವಳು ಗಕ್ಕನೆ ಗೊರಕೆಯತ್ತ ತಿರುಗಿದಳು.

ಏನು? ಇವನು ಬೇಡ ಅಂದಿದ್ದನೇ? ವಾಪಸ್ ಬರುವುದು ಗೊತ್ತಿದ್ದೂ... ಗೊತ್ತಿದ್ದೇ... ತನ್ನ ಹೆಸರಿಗೆ?

ಅಜ್ಜಿ ಅವಳ ಕಡೆ ನೋಡಿ ಮೆಲ್ಲಗೆ ನಕ್ಕರು. ಆ ನಗೆಯಲ್ಲಿ ದೂರಿರಲಿಲ್ಲ. "ಈ ಮಗುವಿಗೆ ಏನೂ ಅನ್ಬೇಡ್ವೇ. ಅವತ್ತು ಕೈ ಹಿಡಿದು ಎಬ್ಬಿಸ್ತು. ನಾನೂ ಸಲೀಸಾಗಿ ಎದ್ದೆ ಅಂದ್ಕೊಂಡೆ. ಮನೇಲಿ ರಾತ್ರಿ ಯಾರು ಕೈ ಕೊಡ್ತಾರೆ, ನೀನೇ ಹೇಳು?"

ಆಗ ಅವಳಿಗೆ ಎಲ್ಲ ಅರ್ಥವಾಯಿತು. ಕೈ ಕೊಟ್ಟು ಎಬ್ಬಿಸಿ, ಏಳಲಾಗುವುದಿಲ್ಲ ಎಂಬುದನ್ನೇ ತಾನು ಮುಚ್ಚಿಟ್ಟಿದ್ದಳು! ಮರುಕದಿಂದ ಮಾಡಿದ ಕೆಲಸ ಒಂದು ಮುದಿಜೀವವನ್ನು ರಾತ್ರಿಯಿಡೀ ಒದ್ದೆಯಲ್ಲಿ ಮಲಗಿಸಿತ್ತು. ಬಾಯಿ ಮುಚ್ಚಿಕೊಂಡು ಮಲಗಿದ್ದ ಆ ಅಜ್ಜಿ, ನಡುಮನೆಯ ಮೂಲೆಯ ಚಾಪೆಯ ಮೇಲಿನ ತನ್ನ ಅಮ್ಮನಂತೆಯೇ ಕಂಡರು.

ಮ್ಯಾನೇಜರ್ ಮುಖ ಕೆಂಪಗಾಗಿತ್ತು. "ಹೊಸ ಶೋರೂಮು ನೋಡ್ಕೋಬೇಕಾದೋನು ನೀನು! ನಿನ್ನ ಹೆಸರಲ್ಲಿ ವಾಪಸ್ಸಾ? ಮಾರಿದ್ದು ನಿಜವಾಗ್ಲೂ ನೀನೇನಾ?"

"ನಾನೇ ಸಾರ್" ಎಂದ ಗೊರಕೆ. ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಸುಮ್ಮನಿದ್ದರೆ ಸಾಕಿತ್ತು. ಇನ್ನೊಂದು ಮಾರಿದರೆ ಕೋಣೆ, ಕಿಟಕಿ, ಅಮ್ಮನ ಹೊಟ್ಟೆ ತುಂಬ ಊಟ... ಚೀಲದಲ್ಲಿ ಮಡಿಸಿಟ್ಟ ಸೀರೆಗಳು ಕಣ್ಣ ಮುಂದೆ ಬಂದವು.

'ಅಮ್ಮಾ... ಕ್ಷಮಿಸಿಬಿಡು.'

"ಇಲ್ಲ ಸಾರ್. ಮಾರಿದ್ದು ನಾನು. ಅವರು ಬಿಲ್ಲು ಮಾಡಿದ್ದು ಮಾತ್ರ."

"ಟೀಚರ್!" ಎಂದ ಅವನು ಗಾಬರಿಯಿಂದ.

"ನೀವು ಸುಮ್ನಿರಿ!" ಎಂದು ಗದರಿದಳು. ಕಣ್ಣೀರು ಇಳಿಯುತ್ತಿತ್ತು. "ಅಜ್ಜಿ, ನನ್ನಿಂದ ನಿಮಗೆ ತುಂಬ ಕಷ್ಟ ಆಯ್ತು. ಬೇರೆ ತೋರಿಸ್ಲಾ? ಈ ಸಲ ನಾನು ಕೈ ಕೊಡಲ್ಲ. ನೀವೇ ಏಳಬೇಕು."

ಮಗಳು ಏನೋ ಹೇಳಲು ಹೊರಟರು. ಅಜ್ಜಿ ಊರುಗೋಲು ಎತ್ತಿ ತಡೆದರು. "ತೋರಿಸು ಮಗು."

ಒಂದರ ಮೇಲೆ ಮಲಗಿದರು. ಏಳಲಾಗಲಿಲ್ಲ. ಅಜ್ಜಿ ಒದ್ದಾಡುವಾಗ ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ತುಟಿ ಕಚ್ಚಿದ್ದಳು. ಮಗಳೇ ಬಂದು ಎಬ್ಬಿಸಬೇಕಾಯಿತು. ಇನ್ನೊಂದರ ಮೇಲೆ ಅರ್ಧ ಎದ್ದು ಮತ್ತೆ ಬಿದ್ದರು. ಆಮೇಲೆ ಗೋಡೆಯ ಪಕ್ಕದ ಹಾಸಿಗೆ. ಗಟ್ಟಿಯದು, ಅಗ್ಗದ್ದು, ಯಾರೂ ಕೇಳದೇ ಇದ್ದದ್ದು. ಅಜ್ಜಿ ಅಂಚಿಗೆ ಹೊರಳಿದರು, ಮೊಣಕೈ ಊರಿದರು, ಕಾಲು ಇಳಿಬಿಟ್ಟರು...

ಎದ್ದು ನಿಂತರು!

"ಎದ್ದೆ ನೋಡೇ!" ಎಂದು ಮಗಳ ಕಡೆ ತಿರುಗಿ ಸಣ್ಣ ಹುಡುಗಿಯಂತೆ ಕೂಗಿದರು.

ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟರು.

ಅವರು ಹೋದ ಮೇಲೆ ಮ್ಯಾನೇಜರ್ ಇಬ್ಬರನ್ನೂ ಕರೆದರು. "ಬದಲಾಯಿಸಿಕೊಂಡು ಹೋದ್ರು, ಹಾಗಾಗಿ ಇದನ್ನ ವಾಪಸ್ ಅಂತ ಹಿಡಿಯಲ್ಲ. ಆದ್ರೆ ಟೀಚರ್, ಇದನ್ನ ನಿಮ್ಮ ಹತ್ತನೇದು ಅಂತಾನೂ ಹಿಡಿಯಲ್ಲ. ನಿಮಗೆ ಖಾಯಂ ಇಲ್ಲ. ಇನ್ನೊಂದು ತಿಂಗಳು ಟ್ರಯಲ್ಲೇ." ಆಮೇಲೆ ಗೊರಕೆಯ ಕಡೆ ತಿರುಗಿದರು. "ಹೊಸ ಶೋರೂಮು ಮರೆತುಬಿಡು. ಬಿಲ್ಲಲ್ಲಿ ಸುಳ್ಳು ಹೆಸರು ಹಾಕೋನಿಗೆ ನಾನು ಅದನ್ನ ಕೊಡಲ್ಲ."

ಸಂಜೆ ಶಟರ್ ಅರ್ಧ ಇಳಿದಿತ್ತು. ಅವಳು ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಎದ್ದು ಮನೆಗೆ ಹೋಗಲು ಧೈರ್ಯವಿರಲಿಲ್ಲ. ಅವನು ಬಂದು ಒಂದು ಮೆಟ್ಟಿಲು ಕೆಳಗೆ ಕುಳಿತ.

"ಎಲ್ಲರೆದುರು ನಿಮ್ಮನ್ನ ಕಳ್ಳ ಅಂದೆ" ಎಂದಳು.

"ನಾಚಿಕೆ ಇಲ್ಲದ ಕಳ್ಳ ಅಂದ್ರಿ. ಪೂರ್ತಿ ಹೇಳಿ."

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಮರುಕ್ಷಣವೇ ಕೋಪವೂ ಬಂತು.

"ಯಾಕೆ ಹೇಳ್ಲಿಲ್ಲ ನನಗೆ? ದಿನಾ ನಿಮಗೆ ಶಾಪ ಹಾಕ್ತಿದ್ದೆ!"

"ಗೊತ್ತಾಗ್ತಿತ್ತು. ಬಿಕ್ಕಳಿಕೆ ಮೇಲೆ ಬಿಕ್ಕಳಿಕೆ ಬರ್ತಿತ್ತು."

"ತಮಾಷೆ ಬೇಡ!"

ಅವನು ಗಂಭೀರನಾದ. "ಹೇಳಿದ್ರೆ ಅವತ್ತೇ ಹೋಗಿ ಒಪ್ಕೊಳ್ತಿದ್ರಿ. ಆ ಹೊತ್ತಿಗೆ ಒಂದೂ ಮಾರಿರಲಿಲ್ಲ ನೀವು. ಅವತ್ತೇ ಮನೆಗೆ ಕಳಿಸ್ತಿದ್ರು. ಕವರಿನ ಕೋಣೇಲಿ ನೀವು ಅಳೋದು ಆಚೆಗೆ ಕೇಳಿಸತ್ತೆ ಟೀಚರ್..." ಸ್ವಲ್ಪ ತಡೆದ. "ಏಳುವಾಗ ಕೈ ಕೊಡಬಾರದು ಅಂತ ಕಲಿತ ಮೇಲೆ ನಾನು ಯಾರಿಗೂ ಕೈ ಕೊಟ್ಟಿಲ್ಲ. ವರ್ಷಗಟ್ಟಲೆ ಸುಮ್ನೆ ನಿಂತು ನೋಡಿ ನೋಡಿ ಮನಸ್ಸು ಮರಗಟ್ಟಿ ಹೋಗಿತ್ತು. ನೀವು ಹಿಂದೆ ಮುಂದೆ ನೋಡ್ದೆ ಓಡಿಹೋದ್ರಿ. ತಪ್ಪೇ ಅದು. ಆದ್ರೆ ನನಗೆ ಅವತ್ತೇ... ನೀವು ಇಲ್ಲಿಂದ ಹೋಗಿಬಿಟ್ರೆ ಅಂತ ಭಯ ಆಯ್ತು."

ಬೀದಿಯಲ್ಲಿ ದೀಪಗಳು ಹತ್ತಿಕೊಂಡವು.

"ಅಮ್ಮನಿಗೆ ಏನಂತ ಹೇಳ್ಲಿ? ಸೀರೆ ಮಡಿಸಿಟ್ಕೊಂಡು ಕಾಯ್ತಿದಾಳೆ..."

ಶೋರೂಮಿಗೇ ಒಳ್ಳೆಯ ಮಾತುಗಾರನ ನಾಲಿಗೆ ತೊದಲಿತು.

"ನನ್ನ ಬಾಡಿಗೆ ಮನೇಲಿ ಎರಡು ಕೋಣೆ ಇದೆ. ಒಂದರಲ್ಲಿ ಹಳೇ ಪೇಪರ್ ಬಿಟ್ರೆ ಏನೂ ಇಲ್ಲ. ಖಾಲಿ ಮಾಡ್ತೀನಿ. ಅಂದ್ರೆ... ನಾನು ಹೇಳೋದು... ನೀವಂದ್ರೆ ನನಗೆ ಪ್ರಾಣ ಟೀಚರ್. ಮದುವೆ ಮಾಡ್ಕೊಳ್ಳೋಣ. ಅಮ್ಮನ್ನ ಕರ್ಕೊಂಡು ಬನ್ನಿ."

ಅವಳು ತಲೆ ಅಲ್ಲಾಡಿಸಿದಳು. "ನಿಮಗೆ ನಮ್ಮಮ್ಮ ಗೊತ್ತಿಲ್ಲ. ಒಬ್ಬ ಅಳಿಯನ ಮನೇಲೇ ಅವಳಿಗೆ ಅನ್ನ ಇಳಿಯಲ್ಲ. ಇನ್ನೊಬ್ಬ ಅಳಿಯನ ಮನೆಗೆ ಹೇಗೆ..."

ಮಾತು ಅರ್ಧಕ್ಕೇ ನಿಂತಿತು. ಅಯ್ಯೋ! ನಾನು ಏನು ಅಂದುಬಿಟ್ಟೆ?

"ಏನಂದ್ರಿ?" ಅವನು ಪೂರ್ತಿ ತಿರುಗಿದ. "ಇನ್ನೊಬ್ಬ ಯಾರು?"

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕಿವಿಯವರೆಗೂ ಕೆಂಪಾಗಿದ್ದಳು.

"ಟೀಚರ್, ಇಲ್ಲಿ ಕೇಳಿ. ಬಾಡಿಗೆ ಕರಾರು ಅಮ್ಮನ ಹೆಸರಿಗೇ ಮಾಡಿಸೋಣ. ಬಾಡಿಗೆ ಅರ್ಧ ನೀವು ಕೊಡಿ, ಅರ್ಧ ನಾನು. ಆಗ ಅವರು ಅಳಿಯನ ಮನೇಲಿ ಇದ್ದ ಹಾಗಾಗಲ್ಲ. ನಾನೇ ಅತ್ತೆ ಮನೇಲಿ ಇರ್ತೀನಿ."

ಅವಳು ಬೆರಳುಗಳ ಸಂದಿಯಿಂದ ನೋಡಿದಳು. "ಮನೆ ಅಳಿಯ ಅಂತ ಊರೆಲ್ಲ ನಗತ್ತೆ ನಿಮ್ಮನ್ನ."

"ನಗ್ಲಿ. ಅತ್ತೆ ಹೊಟ್ಟೆ ತುಂಬ ಊಟ ಮಾಡಿದ್ರೆ ಸಾಕು."

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನ ಭುಜಕ್ಕೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಇಡೀ ತಿಂಗಳ ದುಃಖವನ್ನೆಲ್ಲ ಅತ್ತು ಮುಗಿಸಿದಳು. ಅವನು ಅಲುಗಾಡದೆ ಕುಳಿತಿದ್ದ.

"ನಿಜವಾಗ್ಲೂ ನಮ್ಮಮ್ಮನ ಮನೇಲಿ ಇರ್ತೀರಾ?" ಎಂದಳು ಕೊನೆಗೆ, ಮುಖ ಎತ್ತದೆ.

"ಅವರು ಇರು ಅಂದ್ರೆ ಇರ್ತೀನಿ."

"ಅಮ್ಮನಿಗೆ ನಾನು ಹೇಳ್ತೀನಿ."

"ಅಮ್ಮನ ವಿಷಯ ಆಮೇಲೆ. ನೀವೇನಂತೀರಿ?"

ಅವಳು ಕಣ್ಣೊರೆಸಿಕೊಂಡು ಅವನ ಕಡೆ ನೋಡಿದಳು.

"ಇರು ಅಂತೀನಿ."